ಕಡಲ ತಳಕ್ಕೆ ಆಯ ನೋಡಿದ ಮಾವ

ಪೆನ್ನಾಗರಂ ಬಸ್ ನಿಲ್ದಾಣದಲ್ಲಿ ಬೆಳಿಗ್ಗೆ ಎಂಟಕ್ಕೇ ಬಿಸಿಲು ಚುರುಕಾಗಿತ್ತು. ನನ್ನ ಬೆನ್ನಿಗೊಂದು ಚೀಲ, ಸೋದರಮಾವ ಮಾದಪ್ಪನ ಹೆಗಲಿಗೊಂದು ಕಬ್ಬಿಣದ ಚೌಕಟ್ಟು. ಅದರ ನಾಲ್ಕು ಮೂಲೆಗೂ ಅರಿಶಿನ ಕುಂಕುಮ, ಒಂದು ಮೂಲೆಗೆ ನಿಂಬೆಹಣ್ಣು, ಮೆಣಸಿನಕಾಯಿ. ಗ್ರಿಲ್ಲು, ಗೇಟು ಮಾಡುವ ಮಾವ ಪೂಜೆಯಿಲ್ಲದೆ ಹೊಸ ಕಬ್ಬಿಣವನ್ನು ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ. ರೈಲು ಹತ್ತಿಸಲು ಸೇಲಂವರೆಗೆ ತಾನೂ ಬರುತ್ತೇನೆಂದು ಹೊರಟಿದ್ದ. ಹತ್ತಿಸುವುದು ನನ್ನನ್ನೋ ಚೌಕಟ್ಟನ್ನೋ ಎಂದು ನಾನು ಕೇಳಲಿಲ್ಲ.

ಚೌಕಟ್ಟು ಹೊರಟಿದ್ದು ಕಡಲ ತಳಕ್ಕೆ. ರಾಮನಾಥಪುರದ ಕಡೆಯ ಪುಟ್ಟ ದ್ವೀಪವೊಂದರ ಸುತ್ತ, ಮರಳಿನಲ್ಲಿ ಬದುಕುವ ಬೆನ್ನೆಲುಬಿಲ್ಲದ ಜೀವಗಳನ್ನು ಎಣಿಸುವುದು ನನ್ನ ಕೆಲಸ. ನಕ್ಷತ್ರಮೀನು, ಕಡಲಸೌತೆ, ಚಿಪ್ಪಿನ ಜೀವಿಗಳು, ಸ್ಪಂಜು. ಒಂದು ಮೀಟರಿನ ಚೌಕಟ್ಟನ್ನು ತಳದಲ್ಲಿಟ್ಟು, ಒಳಗೆ ಸಿಕ್ಕಿದ್ದನ್ನೆಲ್ಲ ಬರೆದುಕೊಳ್ಳಬೇಕು. ತಳ ಕೆರೆಯುವ ಬಲೆಯನ್ನು ಅಲ್ಲಿ ಎಳೆಯುವುದನ್ನು ಮೀನುಗಾರರು ಒಂದು ವರ್ಷ ಬಿಟ್ಟಿದ್ದರು. ಜೀವ ಮರಳಿ ಬಂದಿದ್ದರೆ ಮಾತ್ರ ಇನ್ನೊಂದು ವರ್ಷ ಬಿಡುತ್ತೇವೆ ಎಂದಿದ್ದರು. ನನ್ನ ಹಳೆಯ ಚೌಕಟ್ಟು ನೀರಿನ ಸೆಳೆತಕ್ಕೆ ಸಿಕ್ಕಿ ಕಳೆದುಹೋಗಿತ್ತು. ಗಾಳಿ ಎದ್ದು ನೀರು ಕದಡಲು ಇನ್ನು ಕೆಲವೇ ದಿನವಿತ್ತು.

ಧರ್ಮಪುರಿಯ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ. ಮಾವನಿಗೆ ಟಿಕೆಟ್, ಚೌಕಟ್ಟಿಗೆ ಇಪ್ಪತ್ತು ರೂಪಾಯಿ ಲಗೇಜು.

“ಎನ್ನಯ್ಯಾ ಇದು, ಜನ್ನಲಾ?” ಎಂದ ಕಂಡಕ್ಟರ್.

“ಕಿಟ್ಕಿ ಅಲ್ಲ ಸಾರ್, ಸಮುದ್ರಕ್ಕೆ ಓಗ್ತಾ ಐತೆ. ಎಣ್ಮಗಳ ಜತೆ ಓಗೋದಲ್ವಾ, ಅದ್ನೂ ಲೇಡೀಸ್ ಅಂತ ಬಿಟ್ಬುಡಿ,” ಎಂದ ಮಾವ. ಕಂಡಕ್ಟರ್ ನಕ್ಕ, ಆದರೆ ಇಪ್ಪತ್ತು ರೂಪಾಯಿ ಬಿಡಲಿಲ್ಲ.

ಮುಂದಿನ ಸೀಟಿನವರು ತೊಟ್ಟಿಲು ಎಂದರು, ಹಿಂದಿನವರು ಕೇರಂ ಬೋರ್ಡು ಎಂದರು. ಮಾವ ಎಲ್ಲರಿಗೂ ಒಂದೇ ಉತ್ತರ ಕೊಟ್ಟ: “ಕಡ್ಲೊಳಗೆ ಉಳುಗೋಳು ವಾಸ ಇರಾಕೆ ಮನೆ.” ಹುಳುಗಳ ಮನೆ ಎಂಬುದನ್ನು ನಾನು ತಿದ್ದುವ ಗೋಜಿಗೆ ಹೋಗಲಿಲ್ಲ. ತಪ್ಪಾಗಿದ್ದೇ ಅಲ್ಲಿ.

ಧರ್ಮಪುರಿಯಲ್ಲಿ ಸೇಲಂ ಬಸ್ ಹಿಡಿದೆವು. ಪಕ್ಕದಲ್ಲಿ ಕುಳಿತ ಟೈಲರಕ್ಕ ಕೊರಳಿಗೆ ಟೇಪು ಹಾಕಿಕೊಂಡೇ ಬಂದಿದ್ದಳು. ಕೈ ಸುಮ್ಮನಿರದೆ ಚೌಕಟ್ಟನ್ನು ಅಳೆದಳು.

“ಒಳಗೆ ನಲ್ವತ್ತು ಇಂಚು, ಒಂದ್ ನೂಲು ಎಚ್ಚಿಲ್ಲ ಕಮ್ಮಿ ಇಲ್ಲ. ಸೂಪರಾಗಿ ಮಾಡವ್ರೆ,” ಎಂದಳು.

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅದು ಮೀಟರಿಗಿಂತ ಹದಿನಾರು ಮಿಲಿಮೀಟರ್ ಹೆಚ್ಚು.

“ಮಾವಾ, ಒಂದು ಮೀಟರ್ ಅಂದಿದ್ನಲ್ಲಾ?”

“ಅಂದಿದ್ದೆ ನನ್ ಕಣ್ಣೇ. ಮೀಟರಿಗೆ ಆಯ ಕೂಡ್ಲಿಲ್ಲ. ಲೆಕ್ಕ ಆಕ್ದೆ, ಮರಣ ಅಂತ ಬಂತು. ನಲ್ವತ್ತು ಇಂಚಿಗೆ ಲಾಭ ಅಂತ ಬಂತು. ನಿನ್ನ ಅಳೇ ಚೌಕಟ್ಟು ಸುಮ್ಕೆ ಕಳ್ದೋಯ್ತಾ?”

ನಮ್ಮ ಕಡೆ ಮನೆಯಿರಲಿ, ಬಾಗಿಲಿರಲಿ, ಅಳತೆಯ ಶುಭಾಶುಭ ನೋಡದೆ ಯಾರೂ ಕೈ ಹಾಕುವುದಿಲ್ಲ. ಅದೇ ಆಯ. ಅದನ್ನು ಕಡಲಸೌತೆಗೂ ನೋಡುತ್ತಾರೆಂದು ನನಗೆ ಹೊಳೆದಿರಲಿಲ್ಲ.

“ಅದ್ರಲ್ಲಿ ಯಾರೂ ವಾಸ ಇರಲ್ಲ ಮಾವಾ. ಇಡೋದು, ಎಣ್ಸೋದು, ಎತ್ತೋದು. ಓದ್ವರ್ಷ ಮೀಟರಲ್ಲಿ ಎಣ್ಸಿ, ಈ ವರ್ಷ ದೊಡ್ಡದ್ರಲ್ಲಿ ಎಣ್ಸಿ, ಜೀವ ಜಾಸ್ತಿ ಆಗೈತೆ ಅಂದ್ರೆ ಸುಳ್ಳು ಏಳ್ದಂಗೆ. ಬಲೆ ಬಿಟ್ಟು ಕಾಯ್ಕೊಂಡವ್ರಿಗೆ ಏನ್ ಮುಖ ತೋರ್ಸಲಿ?”

ಮಾವನ ಮುಖ ಸಪ್ಪಗಾಯಿತು. “ಬಾಡಿಗೆಗೂ ಇರಲ್ವಾ?”

“ಇರಲ್ಲ.”

ನಲ್ಲಂಪಳ್ಳಿಯಲ್ಲಿ ಇಳಿದೆವು. ಮಾವನಿಗೆ ಗೊತ್ತಿದ್ದ ವೆಲ್ಡಿಂಗ್ ಅಂಗಡಿ ತೆರೆದಿತ್ತು, ಆದರೆ ಎರಡು ಗಂಟೆವರೆಗೆ ಕರೆಂಟಿಲ್ಲ. ರೈಲು ಐದಕ್ಕೆ. ಎರಡು ವಡೆ ತಿಂದು, ಮೂರು ಟೀ ಕುಡಿದು ಜಗಳಕ್ಕೆ ಕೂತೆವು. ಕತ್ತರಿಸಿ ಚಿಕ್ಕದು ಮಾಡು ಎಂದು ನಾನು, ಆಗುವುದಿಲ್ಲ ಎಂದು ಅವನು. ಕೊನೆಗೆ ನಾನು ರೇಗಿದೆ: “ಉಳುಗೋಳಿಗೆ ಯಾಕೆ ಮಾವಾ ಆಯ?”

“ಉಳುಗೋಳಿಗಾ? ಮರಣದ ಅಳತೆ ಕೊಟ್ಟು ನಿನ್ನ ನೀರಿಗೆ ಇಳ್ಸಲಾ? ಅಕ್ಕನ ಮಗಳು ಕಣೇ ನೀನು!”

ನಾನು ಉಸಿರು ಹಿಡಿದು ಮುಳುಗುವ ನೀರನ್ನು ಅವನು ಒಂದು ದಿನವೂ ಕಂಡವನಲ್ಲ. ಆ ಭಯವನ್ನೆಲ್ಲ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ್ದ. ಇದು ತಿಳಿದ ಮೇಲೆ ಮತ್ತೆ ‘ಕತ್ತರಿಸು’ ಎನ್ನಲು ನನಗೆ ಮನಸ್ಸಾಗಲಿಲ್ಲ. ಹೇಳದೆ ಇರಲೂ ಆಗುತ್ತಿರಲಿಲ್ಲ.

ಅಂಗಡಿಯ ಮೂಲೆಯಲ್ಲಿ ಎಂಟು ಮಿಲಿಮೀಟರಿನ ಕಂಬಿ ಒರಗಿತ್ತು. ಮಾವ ಅದನ್ನೇ ದಿಟ್ಟಿಸುತ್ತಿದ್ದವನು ಟೀ ಲೋಟ ಕೆಳಗಿಟ್ಟ. “ಈ ಕಡೆ ಎಂಟು, ಆ ಕಡೆ ಎಂಟು. ಅದ್ನಾರು! ಕುಯ್ಯೋದು ಯಾಕೆ, ಒಳಗಡೆ ಸುತ್ತಾ ಇದ್ನ ಬೆಸೆದ್ರಾಯ್ತು. ಆಚೇದು ನಂದು, ಒಳಗಡೇದು ನಿಂದು.”

ಎರಡೂಕಾಲಿಗೆ ಕರೆಂಟು ಬಂತು. ನಾಲ್ಕೂ ಕಡೆ ಟೇಪು ಹಿಡಿದೆ: ಒಳಗೆ ಒಂದು ಮೀಟರ್, ಹೊರಗೆ ಮಾವನ ಆಯ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ತೊಪ್ಪೂರು ಘಾಟಿಯಲ್ಲಿ ಲಾರಿಗಳ ಹಿಂದೆ ತೆವಳಿ ಸೇಲಂ ಮುಟ್ಟಿದಾಗ ರೈಲು ನಿಂತಿತ್ತು. ಚೌಕಟ್ಟು ಸೀಟಿನಡಿಗೆ ಹೋಗದೆ, ನಾನೇ ಅದರೊಳಗೆ ಕಾಲು ತೂರಿಸಿ ಕುಳಿತೆ. ರೈಲು ಹೊರಟ ಮೇಲೂ ಮಾವ ಪಕ್ಕದಲ್ಲೇ ಓಡಿಬಂದ. “ನಿಂಬೇಣ್ಣು ಬಿಚ್ಬ್ಯಾಡ!”

ಬಿಚ್ಚಲಿಲ್ಲ. ಮರುದಿನ ದ್ವೀಪದ ಕಡೆ ಕರೆದೊಯ್ದ ದೋಣಿಯವನು ಅದನ್ನು ನೋಡಿ ತಾನೂ ಕೈ ಮುಗಿದ. ನೀರಿಗಿಳಿದೆ. ಕಳೆದ ವರ್ಷ ಬರೀ ಉಳುಮೆಯ ಸಾಲಿನಂತಿದ್ದ ಮರಳಿನಲ್ಲಿ ಈಗ ಕಡಲಹುಲ್ಲು ಚಿಗುರಿತ್ತು. ಕಡಲಸೌತೆಯೊಂದು ಮರಳು ಮೇಯುತ್ತ, ತಿಂದ ಮರಳನ್ನು ಹಿಂದೆ ಬಿಡುತ್ತ ಸಾಗುತ್ತಿತ್ತು. ನಕ್ಷತ್ರಮೀನುಗಳಿದ್ದವು, ಚಿಪ್ಪುಗಳು ಬಾಯಿ ತೆರೆದಿದ್ದವು. ನೀರಿನೊಳಗೇ ನಗು ಬಂದು ಉಪ್ಪುನೀರು ಕುಡಿದೆ. ದಡದಲ್ಲಿ ನನ್ನ ಲೆಕ್ಕ ಕೇಳಿದ ಹಿರಿಯ ಮೀನುಗಾರ, ಬಲೆ ಇನ್ನೊಂದು ವರ್ಷ ಆ ಕಡೆ ಹೋಗುವುದಿಲ್ಲ ಎಂದ.

ಸಂಜೆ ಚೌಕಟ್ಟು ತೊಳೆಯುವಾಗ ಕಂಡಿತು. ಅವಸರದಲ್ಲಿ ಬೆಸೆದ ಒಂದು ಮೂಲೆಯಲ್ಲಿ ಎರಡು ಕಂಬಿಗಳ ನಡುವೆ ಸಂದಿ ಉಳಿದಿತ್ತು. ಅದರೊಳಗೆ ಕಡಲೆಕಾಳಿನಷ್ಟು ಒಂದು ಏಡಿ. ಮೀಟರಿನ ಆಚೆ ಇದ್ದುದರಿಂದ ನನ್ನ ಲೆಕ್ಕಕ್ಕೆ ಬರಲಿಲ್ಲ. ಮೆಲ್ಲಗೆ ಅದನ್ನು ನೀರಿಗೆ ಬಿಟ್ಟು ಊರಿಗೆ ಫೋನ್ ಮಾಡಿದೆ.

“ನನ್ನ ಅಳತೇಲಿ ಲೆಕ್ಕ ಸರಿಹೋಯ್ತು ಮಾವಾ. ನಾನೂ ಉಷಾರಾಗಿ ಮೇಲೆ ಬಂದೆ. ನಿನ್ನ ಅಳತೇಲಿ ಒಂದು ಏಡಿ ಸಂಸಾರ ಊಡಿತ್ತು.”

ಮಾವ ಅಂಗಡಿಯಲ್ಲಿದ್ದವರಿಗೆಲ್ಲ ಕೂಗಿ ಹೇಳಿದ್ದು ನನಗೂ ಕೇಳಿಸಿತು.

“ನಾನ್ ಏಳ್ಲಿಲ್ವಾ? ಬಾಡಿಗೆಗೆ ಬಂದೈತೆ!”