ಕ್ರೇನಕ್ಕನಿಗೆ ಬೇಕಿದ್ದ ಇನ್ನೊಂದು ಜೊತೆ ಕೈ

ಅವಳಿಗೆ ಕ್ರೇನಕ್ಕ ಎಂದು ಹೆಸರಿಟ್ಟವನು ವೃದ್ಧರ ಆರೈಕೆ ಕೇಂದ್ರದ ಮ್ಯಾನೇಜರು. ಯಾರಾದರೂ ತಂದೆಯನ್ನೋ ತಾಯಿಯನ್ನೋ ಸೇರಿಸಲು ಬಂದರೆ ಅವನು ಮೊದಲು ಹೂಕುಂಡಗಳಿದ್ದ ವರಾಂಡ ತೋರಿಸುತ್ತಿದ್ದ, ಆಮೇಲೆ ಊಟದ ಕೋಣೆ, ಕೊನೆಗೆ ಅವಳನ್ನು. "ಇವರು ನಮ್ಮ ಕ್ರೇನಕ್ಕ. ಎಂಥ ತೂಕದವರಾದ್ರೂ ಹೂವಿನ ಹಾಗೆ ಎತ್ತಿಬಿಡ್ತಾರೆ." ಬಂದವರು ಅವಳ ತೋಳುಗಳನ್ನು ನೋಡಿ ನಗುತ್ತಿದ್ದರು. ಹೊಗಳಿಕೆ ಅಂದುಕೊಂಡು ಅವಳೂ ನಗುತ್ತಿದ್ದಳು. ಜೊತೆಗೆ ಇನ್ನೊಬ್ಬರನ್ನು ಕೊಡದೆ ತಪ್ಪಿಸಿಕೊಳ್ಳಲು ಅದಕ್ಕಿಂತ ಅಗ್ಗದ ಉಪಾಯ ಬೇರೆ ಇಲ್ಲ ಎಂದು ಹೊಳೆಯಲು ಅವಳ ಸೊಂಟ ಹೋಗಬೇಕಾಯಿತು.

ಎತ್ತುವ ಕೆಲಸವನ್ನು ಅವಳು ಕಲಿತದ್ದು ಮನೆಯಲ್ಲಿ. ಮದುವೆಯಾಗಿ ಬಂದ ಕೆಲವೇ ವರ್ಷಕ್ಕೆ ಅತ್ತೆಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಮನೆಯಲ್ಲಿ ಮಾವ, ಗಂಡ, ಮೈದುನ, ಎಲ್ಲ ಗಟ್ಟಿಮುಟ್ಟಾದ ಗಂಡಸರು. ಗಂಡನಂತೂ ಹಾರ್ಡ್‌ವೇರ್ ಅಂಗಡಿಯಲ್ಲಿ ದಿನವಿಡೀ ಸಿಮೆಂಟಿನ ಚೀಲ, ಕಬ್ಬಿಣದ ಸರಳು ಇಳಿಸಿ ಏರಿಸುವವನು. ತಾಯಿಯನ್ನು ಹಾಸಿಗೆಯಿಂದ ಕುರ್ಚಿಗೆ ಕೂರಿಸುವ ಹೊತ್ತಿಗೆ ಮಾತ್ರ ಬಾಗಿಲಾಚೆ ನಿಂತುಬಿಡುತ್ತಿದ್ದ. "ಹೆಂಗಸಿನ ಮೈ ಕಣೇ. ಗಂಡುಮಗ ನಾನು, ಹೇಗೆ ಮುಟ್ಟಲಿ?" ಮುಟ್ಟದಿದ್ದರೂ ಸಲಹೆಗೆ ಬರವಿರಲಿಲ್ಲ. "ನಿಧಾನ, ನಿಧಾನ! ಕೈ ಎಳೀಬೇಡ! ತಲೆ ಹಿಡ್ಕೋ!" ಒಂದು ದಿನ ಅವಳಿಗೆ ರೇಗಿತು.

"ನಾಚಿಕೆ ಆಗೋದು ನಿಮ್ಮ ಕೈಗೆ ಮಾತ್ರಾನಾ? ಬಾಯಿಗೆ ಆಗಲ್ವಾ?"

ಅತ್ತೆ ಸೊಟ್ಟಗಾದ ಬಾಯಲ್ಲೇ ನಕ್ಕಿದ್ದರಿಂದ ಆ ದಿನ ಜಗಳ ಬೆಳೆಯಲಿಲ್ಲ.

ಅತ್ತೆ ತೀರಿಕೊಂಡಾಗ ಬಂದ ನೆಂಟರೆಲ್ಲ, ಸೊಸೆ ಅನ್ನೋ ಹಾಗೇ ಇರಲಿಲ್ಲ, ಮಗಳ ಹಾಗೆ ನೋಡಿಕೊಂಡಳು ಎಂದು ಹೊಗಳಿದರು. ಮಗ ಮಗನ ಹಾಗೆ ನೋಡಿಕೊಂಡನೇ ಎಂದು ಯಾರೂ ಕೇಳಲಿಲ್ಲ. ಅಷ್ಟು ವರ್ಷ ಅವಳು ಮಾಡಿದ್ದಕ್ಕೆ ಮನೆಯಲ್ಲಿ ಕೆಲಸ ಎಂಬ ಹೆಸರೇ ಇರಲಿಲ್ಲ. ಅವೇ ಕೈಗಳು, ಅದೇ ಸೊಂಟ, ಬೀದಿ ದಾಟಿ ಆರೈಕೆ ಕೇಂದ್ರಕ್ಕೆ ಹೋದ ಮೇಲೆ 'ಒಳ್ಳೆ ಅನುಭವ' ಆಯಿತು.

ಕೇಂದ್ರದಲ್ಲಿ ಅಜ್ಜಂದಿರೂ ಇದ್ದರು, ಅಜ್ಜಿಯರೂ ಇದ್ದರು. ಎಲ್ಲರಿಗೂ ಸ್ನಾನ ಮಾಡಿಸಿ, ಬಟ್ಟೆ ಬದಲಿಸಿ, ಎತ್ತಿ ಕೂರಿಸುವವರು ಹೆಂಗಸರೇ. ಹೆಂಗಸರು ಗಂಡಸರ ಮೈ ಮುಟ್ಟಿದರೆ ಅದು ಸೇವೆ. ಮನೆಯ ಬಾಗಿಲಾಚೆ ಅಷ್ಟು ಗಟ್ಟಿಯಾಗಿ ನಿಂತಿದ್ದ ನಾಚಿಕೆ ಇಲ್ಲಿ ಎಲ್ಲಿಗೆ ಹೋಗಿತ್ತೋ!

ಅಲ್ಲಿ ಒಂದು ಪದ್ಧತಿ ಇತ್ತು. ಭಾನುವಾರ ಮನೆಯವರು ನೋಡಲು ಬರುವ ದಿನ. ಗೇಟು ತೆಗೆಯುವ ಮೊದಲು ಎಲ್ಲರೂ ತಲೆ ಬಾಚಿಕೊಂಡು, ಇಸ್ತ್ರಿ ಬಟ್ಟೆ ಹಾಕಿಕೊಂಡು ಹಜಾರದ ಮೆತ್ತನೆ ಕುರ್ಚಿಗಳಲ್ಲಿ ಸಾಲಾಗಿ ಕೂತಿರಬೇಕು. "ಮಲಗಿದ್ರೆ ಕಾಯಿಲೆಯವರ ಹಾಗೆ ಕಾಣ್ತಾರೆ" ಎನ್ನುತ್ತಿದ್ದ ಮ್ಯಾನೇಜರು. ಹಾಗಾಗಿ ಹಾಸಿಗೆಯಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಹಜಾರದ ಕುರ್ಚಿಗೆ, ಮನೆಯವರು ಹೋದ ಮೇಲೆ ಅದೇ ದಾರಿಯಲ್ಲಿ ಹಿಂದಕ್ಕೆ. ಕೂತು ಸೊಂಟ ನೋವು ಎಂದು ಅಜ್ಜಿಯರು ಮುಲುಗಿದರೂ ಬಿಡುತ್ತಿರಲಿಲ್ಲ. ಇಷ್ಟಕ್ಕೂ ಇದ್ದವರು ಕ್ರೇನಕ್ಕ, ಅವಳ ಜೊತೆಗಾತಿ ಚಿಕ್ಕಿ, ಇಬ್ಬರೇ. ಅವಸರದಲ್ಲಿ ಒಬ್ಬಳು ಗಂಡಸರ ಕೋಣೆಗೆ, ಇನ್ನೊಬ್ಬಳು ಹೆಂಗಸರ ಕೋಣೆಗೆ ಓಡಬೇಕಾಗುತ್ತಿತ್ತು. ಅಲ್ಲಿಗೆ ಇಬ್ಬರು ಎತ್ತಬೇಕಾದ್ದನ್ನು ಒಬ್ಬೊಬ್ಬರೇ ಎತ್ತಿದ ಹಾಗಾಯಿತು.

ಎತ್ತುವ ಮಷಿನ್ ಇರಲಿಲ್ಲವೆಂದಲ್ಲ, ಇತ್ತು. ಚಕ್ರಗಳ ಮೇಲೆ ನಿಂತ ಕಬ್ಬಿಣದ ಕಂಬ, ಅದಕ್ಕೊಂದು ಬಾಗಿದ ತೋಳು, ತೋಳಿಗೆ ಸಿಕ್ಕಿಸಲು ದಪ್ಪ ಬಟ್ಟೆಯ ಜೋಲಿ. ಮಲಗಿದವರ ಬೆನ್ನು, ತೊಡೆಗಳ ಕೆಳಗೆ ಜೋಲಿ ಹಾಸಿ ಗುಂಡಿ ಒತ್ತಿದರೆ ಅವರು ಕೂತ ಹಾಗೆಯೇ ಮೇಲೇಳುತ್ತಾರೆ. ಒಬ್ಬರು ಮಷಿನ್ ನಡೆಸಬೇಕು, ಇನ್ನೊಬ್ಬರು ಜೋಲಿಯಲ್ಲಿ ಇರುವವರನ್ನು ಹಿಡಿದು ಓಲಾಡದಂತೆ ನೋಡಿಕೊಳ್ಳಬೇಕು. ಮಷಿನ್ ತಂದವರೇ ಇದನ್ನು ಹೇಳಿಕೊಟ್ಟು ಹೋಗಿದ್ದರು. ಬಂದ ಹೊಸದರಲ್ಲಿ ಕ್ರೇನಕ್ಕ, ಚಿಕ್ಕಿ ಅದನ್ನೇ ಬಳಸುತ್ತಿದ್ದರು. ಒಂದು ಭಾನುವಾರ ಟೈಪಿಸ್ಟಮ್ಮನ ಮಗ ಸ್ವಲ್ಪ ಬೇಗ ಬಂದುಬಿಟ್ಟ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿ ನಿವೃತ್ತಿಯಾಗಿದ್ದ ಆಕೆ ದೊಡ್ಡ ಮೈಯವರು, ಮೊಣಕಾಲು ಪೂರ್ತಿ ಕೈಕೊಟ್ಟಿದ್ದವು. ಅಮ್ಮ ಜೋಲಿಯಲ್ಲಿ ಮೇಲೇಳುತ್ತಿರುವುದು ಕಂಡು ಮಗ ಕೂಗಾಡಿದ.

"ನಮ್ಮಮ್ಮ ಏನು ಅಕ್ಕಿ ಮೂಟೇನಾ, ಹೀಗೆ ನೇತು ಹಾಕೋಕೆ? ಕೈಯಲ್ಲಿ ಎತ್ರೀ. ಸ್ವಲ್ಪ ಪ್ರೀತಿ ಇರಲಿ."

ಮಾರನೆಯ ದಿನವೇ ಮಷಿನ್ ಹಜಾರದ ಮೂಲೆ ಸೇರಿತು. ಮೇಲೆ ಹೂವಿನ ಚಿತ್ರದ ಬೆಡ್‌ಶೀಟು ಹೊದಿಸಿದರು. ಬಂದವರು ಅದಕ್ಕೆ ಕೊಡೆ ನೇತುಹಾಕುತ್ತಿದ್ದರು.

ಆ ಮಗ ಹೇಳಿದ ಪ್ರೀತಿಯನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಕೆ ಅವನ ತಾಯಿ. ಅವರನ್ನು ಅವನು ಎತ್ತುವುದಿಲ್ಲ. ಇನ್ನೊಬ್ಬಳು ಎತ್ತಬೇಕು, ತನ್ನ ಬೆನ್ನುಮೂಳೆಯಿಂದಲೇ ಎತ್ತಬೇಕು, ಮುಖದಲ್ಲಿ ಕಷ್ಟ ಕಾಣದ ಹಾಗೆ ಎತ್ತಬೇಕು. ಅದನ್ನು ನೋಡಿ ಇವನಿಗೆ ಸಮಾಧಾನವಾಗಬೇಕು.

ಸೊಂಟ ಹೋದದ್ದೂ ಒಂದು ಭಾನುವಾರವೇ. ಚಿಕ್ಕಿ ಗಂಡಸರ ಕೋಣೆಯಲ್ಲಿದ್ದಳು. ವರಾಂಡದಿಂದ ಮ್ಯಾನೇಜರು "ಬೇಗ, ಬೇಗ, ಗೇಟಿನ ಹತ್ರ ಬಂದ್ಬಿಟ್ಟಿದಾರೆ" ಎಂದು ಅರಚುತ್ತಿದ್ದ. ಟೈಪಿಸ್ಟಮ್ಮ ಕಮೋಡಿನ ಮೇಲೆ ಕೂತಿದ್ದರು.

"ಚಿಕ್ಕಿ ಬರಲಿ ತಡಿಯೇ" ಎಂದರು ಆಕೆ.

"ಬಿಡಿಯಮ್ಮ, ನಾನಿರೋದು ಯಾಕೆ? ಕ್ರೇನು ಅಲ್ವಾ" ಎಂದು ಇವಳು ಕಂಕುಳಿಗೆ ಕೈ ಹಾಕಿದಳು. ಎತ್ತಿ ಅರ್ಧ ತಿರುಗುವಷ್ಟರಲ್ಲಿ ಸೊಂಟದಲ್ಲಿ ಏನೋ ಸೀಳಿದ ಹಾಗಾಯಿತು. ಕೈ ಬಿಟ್ಟರೆ ಆಕೆಯ ತಲೆ ಸಿಂಕಿಗೆ ಬಡಿಯುತ್ತದೆ. ಬಿಡಲಿಲ್ಲ. ಆಕೆಯನ್ನು ತಬ್ಬಿಕೊಂಡೇ ಗೋಡೆಗೆ ಒರಗಿ ಜಾರಿ ತಾನು ಕೆಳಗಾದಳು, ಟೈಪಿಸ್ಟಮ್ಮ ಅವಳ ಮೇಲಾದರು. ಚಿಕ್ಕಿ ಓಡಿ ಬಂದಾಗ ಇಬ್ಬರೂ ನೆಲದ ಮೇಲೆ ಒಬ್ಬರನ್ನೊಬ್ಬರು ಸಮಾಧಾನ ಮಾಡುತ್ತಿದ್ದರು.

ಡಾಕ್ಟರು ಭಾರ ಎತ್ತಬೇಡಿ ಎಂದರು. ಕ್ರೇನಕ್ಕ ಮಂಚ ಹಿಡಿದಳು. ಗಂಡ ಬಿಸಿನೀರಿನ ಚೀಲ ತುಂಬಿಸಿ ಕೊಟ್ಟ, ನಿಜ. ಆಮೇಲೆ ಅಕ್ಕನಿಗೆ, ಅತ್ತಿಗೆಗೆ, ಅಂಗಡಿಯ ಗೆಳೆಯನಿಗೆ ಒಬ್ಬೊಬ್ಬರಿಗೇ ಫೋನು ಮಾಡಿ "ಏನ್ ಮಾಡೋದು, ಎಲ್ಲಾ ನಾನೇ ನೋಡ್ಕೋತಾ ಇದೀನಿ" ಎಂದ. ಆ ಎಲ್ಲ ಫೋನುಗಳನ್ನು ಅವಳು ಮಲಗಿದಲ್ಲೇ ಕೇಳಿಸಿಕೊಂಡಳು. ಸಿಂಕಿನ ತುಂಬ ಪಾತ್ರೆ ಹಾಗೇ ಇತ್ತು.

ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡು ವಾಪಸು ಹೋದ ದಿನ ಅವಳು ಮ್ಯಾನೇಜರನ ಮೇಜಿನ ಮುಂದೆ ನಿಂತು ಹೇಳಿದಳು: "ಇನ್ಮೇಲೆ ಕೈಯಲ್ಲಿ ಎತ್ತಲ್ಲ ಸಾರ್. ಮಷಿನ್ ಬೇಕು, ಜೊತೆಗೆ ಇನ್ನೊಬ್ಬರು ಬೇಕು."

"ಮನೆಯವರು ಒಪ್ಪಲ್ಲ ಕಣಮ್ಮ. ಮಷಿನ್ ಅಂದ್ರೆ ಅವರಿಗೆ ನೋವಾಗತ್ತೆ."

"ಎತ್ತಿಸಿಕೊಳ್ಳೋರಿಗೆ ಎಲ್ಲಿ ನೋವಾಗತ್ತೆ ಅಂತ ಯಾರಾದ್ರೂ ಕೇಳಿದೀರಾ?"

ಯಾರೂ ಕೇಳಿರಲಿಲ್ಲ. ಆ ಭಾನುವಾರ ಟೈಪಿಸ್ಟಮ್ಮನೇ ಮಗನನ್ನು ಹತ್ತಿರ ಕರೆದು, ಸೆರಗು ಸರಿಸಿ, ಕಂಕುಳ ಕೆಳಗೆ ಹಸಿರುಗಟ್ಟಿದ ಜಾಗ ತೋರಿಸಿದರು.

"ಇದು ನಿನ್ನ ಪ್ರೀತಿ ಕಣಪ್ಪ. ಪ್ರತಿ ಸಲ ಎತ್ತಿದಾಗ್ಲೂ ಒತ್ತತ್ತೆ. ಮೂಟೆ ಅಂದ್ಯಲ್ಲ, ಜೋಲೀಲಿ ಕೂತಾಗ ನನಗೆ ಹಾಯಾಗಿತ್ತು. ನೀನು ನನ್ನನ್ನ ಕೇಳ್ದೇನೋ?"

ಮಗ ಬೇರೆ ಕಡೆ ನೋಡಿ "ನೀನು ಮೊದಲೇ ಹೇಳ್ಬೇಕಿತ್ತಮ್ಮ" ಎಂದ. ತಪ್ಪು ಸುತ್ತಿಕೊಂಡು ಕೊನೆಗೆ ತಾಯಿಯ ಕಡೆಗೇ ಬಂತು. ಇರಲಿ, ಮಷಿನ್ ಮೇಲಿನ ಬೆಡ್‌ಶೀಟಂತೂ ಹೋಯಿತು.

ಇಷ್ಟಕ್ಕೆ ಮುಗಿಯಿತು ಎಂದು ಕ್ರೇನಕ್ಕ ಉಸಿರು ಬಿಡುವಷ್ಟರಲ್ಲಿ ಮ್ಯಾನೇಜರಿಗೆ ಹೊಸ ಬುದ್ಧಿ ಹೊಳೆಯಿತು. ಮಷಿನ್ ಎತ್ತುವುದಾದರೆ ಇಬ್ಬರು ಯಾಕೆ? ಚಿಕ್ಕಿಯನ್ನು ಅಡುಗೆಮನೆಗೆ ಹಾಕಿದ. ಅಲ್ಲಿದ್ದ ಹೆಂಗಸು ಕೆಲಸ ಬಿಟ್ಟು ಹೋಗಿದ್ದಳು, ಆ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳುವುದು ತಪ್ಪಿತು.

"ಗುಂಡಿ ಒತ್ತೋಕೆ ಎಷ್ಟು ಜನ ಬೇಕು ನಿಂಗೆ?" ಎಂದ.

ಒಬ್ಬಳೇ ಪ್ರಯತ್ನಿಸಿದಳು. ಹಿಡಿಯುವವರಿಲ್ಲದ ಜೋಲಿ ಗಿರ್ರನೆ ತಿರುಗಿ ಟೈಪಿಸ್ಟಮ್ಮನ ಪಾದ ಮಂಚದ ಕಬ್ಬಿಣಕ್ಕೆ ತಗುಲಿತು. ಚರ್ಮ ಸುಲಿದು ರಕ್ತ ಬಂತು. ಟೈಪಿಸ್ಟಮ್ಮ ಹಲ್ಲು ಕಚ್ಚಿಕೊಂಡು, "ಬೈಸ್ಕೋಬೇಕಾದೋನು ನಿನ್ನ ಮ್ಯಾನೇಜರು. ಅದಕ್ಕೇ ನಿನ್ನ ಬೈತಿಲ್ಲ" ಎಂದರು.

ಗಾಯಕ್ಕೆ ಬಟ್ಟೆ ಕಟ್ಟುತ್ತಲೇ ಕ್ರೇನಕ್ಕ ತೀರ್ಮಾನಿಸಿದಳು.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ಎಲ್ಲರ ಮುಖ ತೊಳೆಸಿದಳು, ತಲೆ ಬಾಚಿದಳು, ಇಸ್ತ್ರಿ ಬಟ್ಟೆ ಹಾಕಿದಳು, ದಿಂಬಿಗೆ ಒರಗಿಸಿದಳು. ಯಾರನ್ನೂ ಎತ್ತಲಿಲ್ಲ. ಹೆಂಗಸರ ಕೋಣೆಯಲ್ಲಿ ಮಷಿನ್ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಕೂತಳು. ಹಜಾರದಲ್ಲಿ ಖಾಲಿ ಕುರ್ಚಿಗಳ ಸಾಲು ನೋಡಿ ಮ್ಯಾನೇಜರು ಓಡೋಡಿ ಬಂದ.

"ಏನಿದು? ಎಲ್ಲಾ ಹಾಸಿಗೇಲೇ ಇದಾರೆ!"

"ಚಿಕ್ಕಿ ಬಂದ್ರೆ ಏಳ್ತಾರೆ."

"ನನ್ನ ಮರ್ಯಾದೆ ತೆಗೀಬೇಕು ಅಂತಾನಾ? ನಾಳೆಯಿಂದ ಬರಬೇಡ."

"ನಾಳೆ ಮಾತು ನಾಳೆ. ಇವತ್ತು ನಾನು ಒಬ್ಬಳೇ ಯಾರನ್ನೂ ಎತ್ತಲ್ಲ. ಅವತ್ತು ಬಿದ್ದಿದ್ದು ನಾನು ಸಾರ್. ನಾಳೆ ಇವರಲ್ಲಿ ಯಾರಾದ್ರೂ ಬಿದ್ರೆ, ಆ ತಪ್ಪೂ ನನ್ನ ತಲೆಗೇ ಕಟ್ಟೋದಲ್ವಾ ನೀವು?"

ಗೇಟು ತೆರೆಯಿತು. ಮನೆಯವರು ಹಜಾರಕ್ಕೆ ಬಂದು, ಖಾಲಿ ಕುರ್ಚಿ ನೋಡಿ ಗಾಬರಿಯಾಗಿ ಕೋಣೆಗಳಿಗೆ ನುಗ್ಗಿದರು. "ಹುಷಾರಿಲ್ವಾ?" "ಏನಾಯ್ತು ಅಪ್ಪಂಗೆ?" ಎಂದು ಒಂದೇ ಗದ್ದಲ. ಗಂಡಸರ ಕೋಣೆಯಿಂದ, ಪೋಸ್ಟ್‌ಮನ್ ಆಗಿದ್ದ ಅಂಚೆ ಅಜ್ಜ ಕೂಗಿದ: "ನನ್ನನ್ನ ಮಲಗಿದಲ್ಲೇ ನೋಡ್ರೋ! ಆ ಕುರ್ಚಿ ಮೇಲೆ ಕೂರಿಸಿ ಕೂರಿಸಿ ನನ್ನ ಅಂಡು ಸವೆದುಹೋಗಿದೆ!"

ಮ್ಯಾನೇಜರು ಕೈ ಉಜ್ಜುತ್ತ, "ಸ್ವಲ್ಪ ಕೆಲಸದವರ ತಾಪತ್ರಯ, ಈಗಲೇ ಸರಿಮಾಡಿಸ್ತೀನಿ" ಎಂದ. ಕ್ರೇನಕ್ಕ ಸ್ಟೂಲಿನಿಂದ ಏಳದೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಟೈಪಿಸ್ಟಮ್ಮ ಹೊದಿಕೆ ಎತ್ತಿ ಪಾದದ ಗಾಯ ತೋರಿಸಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಅಂಚೆ ಅಜ್ಜನ ಸೊಸೆ ಬಾಯಿ ಬಿಟ್ಟಳು.

"ಮಾವನ್ನ ಇಲ್ಲಿಗೆ ಕರ್ಕೊಂಡು ಬರೋ ತನಕ ಎತ್ತಿದವಳು ನಾನೇ. ಒಬ್ಬಳ ಕೈಲಿ ಆಗಲ್ಲ. ನನ್ನ ಭುಜ ಇನ್ನೂ ಮೇಲಕ್ಕೆ ಏಳಲ್ಲ." ಪಕ್ಕದಲ್ಲಿದ್ದ ಗಂಡನ ಕಡೆ ತಿರುಗಿ, "ನಿಮಗೂ ಇದು ಹೊಸ ಸುದ್ದಿ ಅಲ್ವಾ?" ಎಂದಳು. ಅವನು ಗೋಡೆಯ ಮೇಲಿನ ಗಡಿಯಾರ ನೋಡಿದ.

ಟೈಪಿಸ್ಟಮ್ಮನ ಮಗ ಅಂಗಿಯ ತೋಳು ಮಡಿಸುತ್ತ ಮುಂದೆ ಬಂದ. "ಆಯ್ತು, ನಾನೇ ಹಿಡ್ಕೋತೀನಿ. ಹೇಳಮ್ಮ, ಎಲ್ಲಿ ಹಿಡೀಲಿ?"

ಬೇರೆ ಯಾರಾದರೂ ಆಗಿದ್ದರೆ ಒಪ್ಪಿ, ಅವನಿಗೆ ಧನ್ಯವಾದವನ್ನೂ ಹೇಳುತ್ತಿದ್ದರೇನೋ. ಕ್ರೇನಕ್ಕ ತಲೆಯಾಡಿಸಿದಳು. "ಇವತ್ತು ನೀವು ಹಿಡೀತೀರಿ. ನಾಳೆ ಬೆಳಿಗ್ಗೆ ಇವರನ್ನ ಕಮೋಡಿಗೆ ಕೂರಿಸೋವಾಗ ಯಾರು ಹಿಡೀತಾರೆ? ನಿಮ್ಮ ಉಪಕಾರ ಬೇಡ ಸಾರ್. ಚಿಕ್ಕಿ ಕೆಲಸ ಚಿಕ್ಕಿಗೆ ವಾಪಸು ಕೊಡಿಸಿ."

ಮಗ ಮಡಿಸಿದ ತೋಳನ್ನು ಇಳಿಸಲೋ ಬಿಡಲೋ ತಿಳಿಯದೆ ನಿಂತ. ಅಂಚೆ ಅಜ್ಜನ ಸೊಸೆ, "ಕರೀರಿ ಅವಳನ್ನ. ನಾಳೆನೂ ಇವರಿಬ್ಬರೂ ಇಲ್ಲೇ ಇರಬೇಕು, ನಾನು ಬಂದು ನೋಡ್ತೀನಿ" ಎಂದು ಮ್ಯಾನೇಜರಿಗೆ ಹೇಳಿದಳು. ಹೌದು ಹೌದು ಎಂದು ಉಳಿದವರೂ ದನಿಗೂಡಿಸಿದರು.

"ಅಡುಗೆ ಯಾರು ಮಾಡ್ತಾರೆ?" ಎಂದ ಮ್ಯಾನೇಜರು, ಅಳುವ ದನಿಯಲ್ಲಿ.

"ಜನ ತಗೊಳ್ಳಿ. ಸಿಗೋವರೆಗೂ ಈರುಳ್ಳಿ ಹೆಚ್ಚೋಕೆ ನಿಮಗೂ ಕೈ ಇದೆ" ಎಂದರು ಟೈಪಿಸ್ಟಮ್ಮ.

ಚಿಕ್ಕಿ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದಳು. ಇಬ್ಬರೂ ಕೆಲಸಕ್ಕಿಳಿದರು. ಟೈಪಿಸ್ಟಮ್ಮನನ್ನು ಮೆಲ್ಲನೆ ಮಗ್ಗುಲಾಗಿಸಿ ಜೋಲಿ ಹಾಸಿದರು, ಪಟ್ಟಿಗಳನ್ನು ಸಿಕ್ಕಿಸಿ ಎಳೆದು ನೋಡಿದರು. ಕ್ರೇನಕ್ಕ ಗುಂಡಿ ಒತ್ತಿದಳು. ಚಿಕ್ಕಿ ಒಂದು ಕೈಯಲ್ಲಿ ಜೋಲಿ, ಇನ್ನೊಂದು ಕೈಯಲ್ಲಿ ಗಾಯದ ಪಾದ ಹಿಡಿದಳು. ಮನೆಯವರಿಗೆ ಹೊತ್ತಾಗುತ್ತಿತ್ತು. ಯಾರೋ ಕೆಮ್ಮಿದರು, ಯಾರೋ ಕಾರಿನ ಕೀಲಿ ಆಡಿಸಿದರು. ಆಡಿಸಲಿ ಎಂದುಕೊಂಡಳು ಕ್ರೇನಕ್ಕ. ಇನ್ನೂ ಎರಡೂ ಕೋಣೆಗಳ ಜನ ಹಾಸಿಗೆಯಲ್ಲಿದ್ದರು, ಎಲ್ಲರೂ ಹೀಗೆಯೇ ಏಳಬೇಕಿತ್ತು.

ಮ್ಯಾನೇಜರೂ ಆ ಮಗನೂ ಬಾಗಿಲಿಗೆ ಅಡ್ಡ ನಿಂತೇ ಇದ್ದರು.

"ದಾರಿ ಬಿಡಿ" ಎಂದಳು ಚಿಕ್ಕಿ.