ಕಮಲಾಪುರದ ರಮ್ಮಿ

ರಮ್ಮಿ ಆಡೋರು ಹೇಳ್ರಿ, ಕಳಾವರ್ ರಾಜಾ, ಎಕ್ಕಾ, ಎರಡು ಸೇರಿದ್ರ ಸೀಕ್ವೆನ್ಸ್ ಆಗ್ತದೋ ಇಲ್ಲೋ? ಇವತ್ತ ಮಧ್ಯಾಹ್ನ ಕಲಬುರಗಿಯ ಗಂಡನ ಮನ್ಯಾಗ ಅತ್ತಿ-ಮಾವನ ಸಂಗಡ ಆಡಾಗ ಇದೇ ಜಗಳ. ಗೆದ್ದೆ ಅಂತ ಖುಷಿಲೆ ಎಲಿ ಹರವಿದೆ. ಅತ್ತಿ ತಡದ್ರು.

“ಎಕ್ಕಾ ರಾಣಿ-ರಾಜಾನ ಸಂಗಡ ಕೂಡ್ತದ, ಇಲ್ಲಾ ಎರಡು-ಮೂರರ ಸಂಗಡ. ಎರಡೂ ಕಡಿ ಕೈ ಹಿಡಿಯಂಗಿಲ್ಲ, ನೋಡವಾ.”

“ಕಮಲಾಪುರದಾಗ ನಮ್ಮ ಮನ್ಯಾಗ ನಡೀತದರಿ!” ಅಂದು, ಅಪ್ಪಗ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ.

ಅಪ್ಪ ನಕ್ಕರು. “ಅದು ರೂಲ್ ಅಲ್ಲವಾ. ಮದುವಿಯಾದ ಹೊಸದಾಗ ನಿಮ್ಮವ್ವ ಹಂಗ ಜೋಡಿಸಿ ಗೆದ್ದೆ ಅಂತ ಕುಣದಾಡಿದ್ಳು. ಅಕಿ ಖುಷಿ ನೋಡಿ ನಾನೂ ಹೂಂ ಅಂದೆ. ಅವತ್ತಿಂದ ಹಂಗೇ ನಡದದ.”

ಆಟ ನಾ ಸೋತೆ. ಆದ್ರ ಅತ್ತಿ ನನ್ನ ಕಡಿ ನೋಡ್ಲೇ ಇಲ್ಲ. ಮಾವನ ಕಡಿ ತಿರುಗಿ, “ಕೇಳಿದ್ರೇನ್ರಿ?” ಅಂದ್ರು.

ಮಾವ ತಲಿ ಎತ್ತದಂಗ ಇನ್ನೂ ಎಲಿ ಕಲಸಾಕತ್ತಾರ.