ಸೀರೆ ಕೌಂಟರಿನ ಅಕ್ಕನ ಹೊಟ್ಟೆನೋವು

ಹೋದ ತಿಂಗಳು ಬಿಜೈಯ ಮೆಡಿಕಲ್ ಒಂದರಲ್ಲಿ ನನ್ನ ಮುಂದೆ ನಿಂತಿದ್ದ ಹೆಂಗಸಿನ ಕೈಯಿಂದ ಓಮದ ನೀರಿನ ಬಾಟಲಿ ಜಾರಿ ಬಿದ್ದು ಒಡೆಯಿತು. ಆ ಖಾರದ, ಮೂಗಿಗೆ ಏರುವ ವಾಸನೆ ಅಂಗಡಿಯಿಡೀ ಹರಡಿತು. ನಾನು ಏನು ತೆಗೆದುಕೊಳ್ಳಲು ಬಂದಿದ್ದೆ ಎಂಬುದೇ ಮರೆತುಹೋಯಿತು. ಬರಿಗೈಯಲ್ಲಿ ಹೊರಗೆ ಬಂದು ಬಸ್ಸಿಗೆ ನಿಂತೆ. ಅಕ್ಕನ ಕೈಚೀಲಕ್ಕೆ ಇದೇ ವಾಸನೆಯಿತ್ತು...

ಅವರು ನನ್ನ ಸ್ವಂತ ಅಕ್ಕ ಅಲ್ಲ. ಹಂಪನಕಟ್ಟೆಯ ಒಂದು ಜವುಳಿ ಅಂಗಡಿಯ ಎರಡನೇ ಮಾಳಿಗೆಯಲ್ಲಿ ನಾವಿಬ್ಬರೂ ಒಂದೇ ಕೌಂಟರಿನಲ್ಲಿ ಸೀರೆ ಬಿಡಿಸಿ ತೋರಿಸುತ್ತಿದ್ದೆವು. ನಾನು ಸೇರಿದಾಗ ನನಗೆ ಇಪ್ಪತ್ತಮೂರು, ಅವರಿಗೆ ಐವತ್ತರ ಹತ್ತಿರ. ನಮ್ಮ ಮನೆಯಲ್ಲಿ ಬ್ಯಾರಿ ಭಾಷೆ, ಅವರ ಮನೆಯಲ್ಲಿ ತುಳು, ಅಂಗಡಿಯಲ್ಲಿ ಗಿರಾಕಿಗಳೆದುರು ಕನ್ನಡವೇ ಆಡಬೇಕೆಂಬ ನಿಯಮ. ಆ ನಿಯಮ ನಮ್ಮಿಬ್ಬರಿಗೂ ಎಷ್ಟು ಅಭ್ಯಾಸವಾಯಿತೆಂದರೆ ಬಸ್ಸಿನಲ್ಲಿ ಕೂತಾಗಲೂ ಕನ್ನಡದಲ್ಲೇ ಮಾತಾಡುತ್ತಿದ್ದೆವು. ಅವರು ಶಕ್ತಿನಗರದವರು. ನಾನು ಅವರಿಗಿಂತ ಎರಡು ಸ್ಟಾಪ್ ಮೊದಲು ಇಳಿಯುತ್ತಿದ್ದೆ.

ಸೀರೆಯ ನೆರಿಗೆಯನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಸೆರಗನ್ನು ಗಿರಾಕಿಯ ಹೆಗಲ ಮೇಲೆ ಹಾಕಿ, "ಇದು ನಿಮಗೇ ಅಂತ ನೇಯ್ದ ಹಾಗೆ ಉಂಟು" ಎನ್ನುವುದನ್ನು ನನಗೆ ಕಲಿಸಿದ್ದು ಅವರೇ. ಇನ್ನೊಂದನ್ನೂ ಕಲಿಸಿದರು, ನೀರು ಕುಡಿಯದೆ ಇರುವುದು. ಆ ಅಂಗಡಿಯಲ್ಲಿ ಹೆಂಗಸರಿಗೆ ಕಕ್ಕಸು ಇದ್ದದ್ದು ನಾಲ್ಕನೇ ಮಾಳಿಗೆಯ ಗೋದಾಮಿನ ಮೂಲೆಯಲ್ಲಿ. ಅದರ ಕೀ ಸೂಪರ್‌ವೈಸರ್ ಮೇಜಿನ ಮೇಲೆ. ಎಲ್ಲರ ಎದುರು ಕೀ ಕೇಳಬೇಕು, ಬರುವುದು ತಡವಾದರೆ ಅವನು ಗಡಿಯಾರ ನೋಡುತ್ತಾನೆ. ಅಕ್ಕ ಬೆಳಿಗ್ಗೆ ಅರ್ಧ ಲೋಟ ಚಹಾ ಕುಡಿದು ಬಂದರೆ ಮತ್ತೆ ನೀರು ಮುಟ್ಟುತ್ತಿದ್ದುದು ಮನೆಗೆ ಹೋದ ಮೇಲೆಯೇ. ನಾನು ರಂಜಾನಿನಲ್ಲಿ ಉಪವಾಸವಿದ್ದಾಗ ನಗುತ್ತಾ ಹೇಳಿದ್ದರು, "ನಿನ್ನದು ಒಂದು ತಿಂಗಳು ಮಾರಾಯ್ತಿ. ನನ್ನದು ವರ್ಷ ಇಡೀ."

ಅವರಿಗೆ ಮೂರು ದಿನಕ್ಕೊಮ್ಮೆ, ಕೆಲವೊಮ್ಮೆ ನಾಲ್ಕು ದಿನಕ್ಕೊಮ್ಮೆ ಹೊಟ್ಟೆ ಖಾಲಿಯಾಗುತ್ತಿತ್ತು. ಅದನ್ನು ಅವರು ಕಾಯಿಲೆ ಎಂದು ಎಣಿಸಿಯೇ ಇರಲಿಲ್ಲ. ಚೀಲದಲ್ಲಿ ಓಮದ ನೀರು, ರಾತ್ರಿ ಇಸಬ್ಗೋಲು, ವಾರಕ್ಕೊಮ್ಮೆ ಹರಳೆಣ್ಣೆ, ಊಟಕ್ಕೆ ಮಜ್ಜಿಗೆ. ಗ್ಯಾಸು, ಉಷ್ಣ, ಅಜೀರ್ಣ... ಹೊಟ್ಟೆಯ ಯಾವ ತೊಂದರೆಗೂ ಅವರ ಹತ್ತಿರ ಒಂದು ಹೆಸರು, ಒಂದು ಮದ್ದು ಇತ್ತು. ಅಂಗಡಿಯ ಹುಡುಗಿಯರೆಲ್ಲ ಹೊಟ್ಟೆನೋವು ಬಂದರೆ ಅವರ ಬಳಿಗೇ ಓಡುತ್ತಿದ್ದೆವು.

ಆಟಿ, ಅಂದರೆ ಆಷಾಢ ತಿಂಗಳ ರಿಯಾಯಿತಿ ಮಾರಾಟದ ಒಂದು ಮಧ್ಯಾಹ್ನ. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿಳಿ ಬಟ್ಟೆ ಹಾಸಿದ ಹಾಸಿಗೆಯ ಮೇಲೆ ಕೂತು ಅಕ್ಕ ಒಂದು ಮದುವೆ ಮನೆಯವರಿಗೆ ಸೀರೆ ತೋರಿಸುತ್ತಿದ್ದರು. ಮೇಲಿನ ಕಪಾಟಿನಿಂದ ಇನ್ನೊಂದನ್ನು ತೆಗೆಯಲೆಂದು ಎದ್ದರು. ಅವರು ಕೂತಿದ್ದ ಕಡೆ, ಬಿಳಿ ಬಟ್ಟೆಯ ಮೇಲೆ, ಅಂಗೈಯಗಲ ಕೆಂಪು. ನಾನು ಯೋಚಿಸಲಿಲ್ಲ. ಕೈಯಲ್ಲಿದ್ದ ಸೀರೆಯನ್ನು ಬಿಡಿಸಿ ಅದರ ಮೇಲೆ ಎಸೆದೆ. ಮದುಮಗಳ ತಾಯಿ, "ಇದು ಚಂದ ಉಂಟಲ್ಲ" ಎಂದು ಅದನ್ನೇ ಎತ್ತಲು ಕೈ ಚಾಚಿದರು. ನಾನು ಆ ಸೀರೆಯ ಮೇಲೆ ಕೂತುಬಿಟ್ಟೆ.

ಆಮೇಲೆ ಗೋದಾಮಿನ ಮೂಲೆಯಲ್ಲಿ ಇಬ್ಬರೂ ಸೇರಿ ಆ ಬಟ್ಟೆಯನ್ನು ಒಗೆದೆವು. ಮುಟ್ಟು ಎಂದು ನಾನು ಎಣಿಸಿದ್ದೆ.

"ಅದು ನಿಂತು ಎರಡು ವರ್ಷ ಆಯ್ತು," ಎಂದರು ಅಕ್ಕ. "ಇದು ಹಿಂದಿನಿಂದ. ಪೈಲ್ಸ್. ಒಂದು ವರ್ಷದಿಂದ ಉಂಟು. ಯಾರ ಹತ್ತಿರವೂ ಹೇಳ್ಬೇಡ ಆಯ್ತಾ? ನಿನ್ನ ಭಾವನಿಗೂ ಗೊತ್ತಿಲ್ಲ."

ಭಾವ ಎಂದರೆ ಅವರ ಗಂಡ, ವೆಲ್ಡಿಂಗ್ ಶಾಪಿನಲ್ಲಿ ಕೆಲಸ ಮಾಡುತ್ತಿದ್ದವರು. ಮಕ್ಕಳಿರಲಿಲ್ಲ. ನಾನು ಹೇಳುವುದಿಲ್ಲ ಎಂದು ಆಣೆ ಮಾಡಿದೆ. ಆಗ ಅವರು ಇನ್ನೊಂದು ಸಹಾಯ ಕೇಳಿದರು. ಅಂಗಡಿಗೆ ಬರುವಾಗ ಹೋಗುವಾಗ ನಾನು ಬುರ್ಖಾ ಹಾಕಿ ಮುಖ ಮುಚ್ಚಿಕೊಳ್ಳುತ್ತಿದ್ದೆ. "ನಿನ್ನನ್ನು ಯಾರೂ ಗುರ್ತ ಹಿಡಿಯುವುದಿಲ್ಲ. ಮೆಡಿಕಲ್‌ನಲ್ಲಿ ಆ ಮುಲಾಮು ತಂದುಕೊಡ್ತೀಯಾ? ನನಗೆ ಬಾಯಿಬಿಟ್ಟು ಕೇಳ್ಲಿಕ್ಕೆ ಆಗುವುದಿಲ್ಲ."

ತಂದುಕೊಟ್ಟೆ. ತಿಂಗಳಿಗೆ ಎರಡು ಸಲ, ಒಂದೂವರೆ ವರ್ಷ. ಒಬ್ಬರೊಡನೆ ಗುಟ್ಟು ಹಂಚಿಕೊಂಡ ಹೆಮ್ಮೆಯೂ ನನಗಿತ್ತು, ಸುಳ್ಳು ಹೇಳುವುದಿಲ್ಲ. ಒಂದು ಸಲ ಮೆಡಿಕಲ್‌ನ ವಯಸ್ಸಾದವರು ಟ್ಯೂಬನ್ನು ಕೈಗೆ ಕೊಡದೆ ಕೇಳಿದರು, "ಇದು ನಿಮಗಾ? ಇಷ್ಟು ಕಾಲದಿಂದ ಈ ಮುಲಾಮು ಬೇಕಾಗ್ತಾ ಉಂಟು ಅಂದ್ರೆ ಪೈಲ್ಸ್ ಅಂತ ನೀವೇ ತೀರ್ಮಾನ ಮಾಡ್ಬೇಡಿ ಅಮ್ಮ. ಡಾಕ್ಟರ್ ಒಮ್ಮೆ ನೋಡ್ಬೇಕು."

ಬಸ್ಸಿನಲ್ಲಿ ಅಕ್ಕನಿಗೆ ಹೇಳಿದೆ. ಅವರು ಕಿಟಕಿಯ ಕಡೆ ತಿರುಗಿ, "ಬೆರಳು ಹಾಕಿ ನೋಡ್ತಾರಂತೆ. ಗಂಡಸು ಡಾಕ್ಟರ್ ಆದ್ರೆ? ಸತ್ತರೂ ಬೇಡ" ಎಂದರು. ಹೇಳಿದ ರೀತಿಗೆ ಇಬ್ಬರಿಗೂ ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು... ನಾನು ಮತ್ತೆ ಆ ಮಾತೆತ್ತಲಿಲ್ಲ.

ಅವರು ಬಡಕಲಾಗತೊಡಗಿದರು. ಯೂನಿಫಾರ್ಮ್ ರವಿಕೆಯನ್ನು ಎರಡು ಸಲ ಹಿಡಿಸಿ ಹೊಲಿಸಿದರು. "ಅಕ್ಕ, ಸಪೂರ ಆಗಿದ್ದೀರಲ್ಲ, ಎಂತ ಮಾಡಿದ್ದು?" ಎಂದು ಹುಡುಗಿಯರು ಆಸೆಯಿಂದ ಕೇಳುತ್ತಿದ್ದರು. ಅವರು ಸುಮ್ಮನೆ ನಗುತ್ತಿದ್ದರು. ಮೊದಲು ನಾಲ್ಕು ದಿನ ಕಟ್ಟುತ್ತಿದ್ದ ಹೊಟ್ಟೆ ಈಗ ಒಂದು ದಿನ ಕಟ್ಟಿ, ಮರುದಿನ ನಾಲ್ಕು ಸಲ ಓಡಿಸುತ್ತಿತ್ತು. ಓಡಿದರೆ ಕೀ ಕೇಳಬೇಕು. ಹಾಗಾಗಿ ಅವರು ಮಧ್ಯಾಹ್ನದ ಊಟವನ್ನೂ ಬಿಟ್ಟರು. ಬುತ್ತಿಯನ್ನು ನನ್ನ ಕಡೆ ಸರಿಸುತ್ತಿದ್ದರು. ನಾನು ಉಣ್ಣುತ್ತಿದ್ದೆ.

ಕೊನೆಗೊಂದು ಬೆಳಿಗ್ಗೆ ಅಂಗಡಿಯ ಮೆಟ್ಟಿಲಲ್ಲೇ ಹೊಟ್ಟೆ ಹಿಡಿದುಕೊಂಡು ಕುಸಿದರು. ಹೊಟ್ಟೆ ತಮಟೆಯ ಹಾಗೆ ಬಿಗಿದಿತ್ತು. ರಿಕ್ಷಾದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ದೊಡ್ಡ ಕರುಳಿನ ಕೊನೆಯಲ್ಲಿ ಗಡ್ಡೆ ಬೆಳೆದು ದಾರಿಯೇ ಮುಚ್ಚಿಹೋಗಿತ್ತು. ಅವರನ್ನು ಪರೀಕ್ಷೆ ಮಾಡಿದ ಡಾಕ್ಟರ್ ಹೆಂಗಸು. ನನ್ನ ಅಮ್ಮನ ವಯಸ್ಸಿನವರು, ಮೆತ್ತಗೆ ಮಾತಾಡುವವರು. ನೀರು ಕುಡಿಯದ್ದರಿಂದಲೇ ಹೀಗಾಯಿತಾ ಎಂದು ನಾನು ಕೇಳಿದೆ. ಹಾಗಲ್ಲ ಎಂದರು. ಆದರೆ ಮಲಬದ್ಧತೆ ಅಭ್ಯಾಸವಾಗಿ ಹೋದವರು ಹೊಸ ಕಾಯಿಲೆಯನ್ನೂ ಹಳೆಯ ತೊಂದರೆ ಎಂದೇ ತಿಳಿದು ಸುಮ್ಮನಿರುತ್ತಾರೆ, ರಕ್ತ ಕಂಡಾಗಲೇ ಬಂದಿದ್ದರೆ ಮಾಡಲಿಕ್ಕೆ ಬಹಳ ಇತ್ತು ಎಂದರು.

ಭಾವ ಪಕ್ಕದಲ್ಲೇ ನಿಂತಿದ್ದರು. ಡಾಕ್ಟರ್ ಹೋದ ಮೇಲೆ ನನ್ನ ಮುಖ ನೋಡಿ ಕೇಳಿದರು, "ರಕ್ತ ಹೋಗ್ತಾ ಇತ್ತಂತೆ. ನಿಮಗೆ ಗೊತ್ತಿತ್ತಾ?"

"ಇಲ್ಲ ಭಾವ," ಎಂದೆ.

ಆಪರೇಶನ್ ಆಯಿತು. ಹೊಟ್ಟೆಯ ಎಡಕ್ಕೆ ದಾರಿ ಮಾಡಿ ಮಲ ಹೋಗಲು ಒಂದು ಚೀಲ ಅಂಟಿಸಿದರು. ನಾನು ಭಾನುವಾರಗಳಲ್ಲಿ ಶಕ್ತಿನಗರಕ್ಕೆ ಹೋಗುತ್ತಿದ್ದೆ. ಮೊದಮೊದಲು ಬರುತ್ತಿದ್ದ ಅಂಗಡಿಯ ಹುಡುಗಿಯರು ವಾಸನೆಗೆ ಹೆದರಿ ಬರುವುದನ್ನೇ ನಿಲ್ಲಿಸಿದರು. ನಿಜ ಹೇಳಬೇಕೆಂದರೆ ಅಲ್ಲಿ ವಾಸನೆ ಇರುತ್ತಿರಲಿಲ್ಲ. ಅಕ್ಕ ಆ ಚೀಲವನ್ನು ಬದಲಿಸುತ್ತಿದ್ದುದು ರೇಷ್ಮೆ ಸೀರೆ ಮಡಿಸುವಷ್ಟು ಅಚ್ಚುಕಟ್ಟಾಗಿ. ಚರ್ಮ ಒರೆಸಿ, ಅಳತೆಗೆ ಸರಿಯಾಗಿ ತೂತು ಕತ್ತರಿಸಿ, ಅಂಚನ್ನು ಬೆರಳಿನಿಂದ ನಿಧಾನವಾಗಿ ಒತ್ತಿ ಕೂರಿಸುತ್ತಿದ್ದರು. ಒಂದು ದಿನ ದೊಡ್ಡ ಚೆಂಬು ನೀರನ್ನು ಒಂದೇ ಉಸಿರಿಗೆ ಕುಡಿದು ಕೆಳಗಿಟ್ಟರು. "ಈಗ ಬೇಕಾದಷ್ಟು ಕುಡೀತೇನೆ. ಯಾರ ಹತ್ತಿರವೂ ಕೀ ಕೇಳ್ಬೇಕಂತ ಇಲ್ಲ."

ನಾನು ಚೆಂಬನ್ನು ಮತ್ತೆ ತುಂಬಿಸಿ ಅವರ ಪಕ್ಕದಲ್ಲಿಟ್ಟೆ.

ರೋಗ ಆಗಲೇ ಯಕೃತ್ತಿಗೆ ಹರಡಿತ್ತು ಎಂದು ಆಮೇಲೆ ತಿಳಿಯಿತು. ಏಳು ತಿಂಗಳಲ್ಲಿ ಅಕ್ಕ ಹೋದರು. ಕೊನೆಯ ವಾರ ಅವರ ಕಣ್ಣು ಅರಿಶಿನದ ಹಾಗೆ ಹಳದಿಯಾಗಿತ್ತು, ನನ್ನ ಗುರುತು ಸಿಗುತ್ತಿರಲಿಲ್ಲ. ಅವರು ಹೋದ ದಿನ ಅಂಗಳದಲ್ಲಿ ಹೆಂಗಸರ ನಡುವೆ ನಿಂತಿದ್ದ ನನ್ನನ್ನು ಭಾವ ಹುಡುಕಿಕೊಂಡು ಬಂದು, "ಅವಳಿಗೆ ಅಂತ ಇದ್ದದ್ದು ನೀವು ಒಬ್ಬರೇ" ಎಂದು ಕೈ ಮುಗಿದರು. ಆ ಕೈಗಳನ್ನು ನೋಡಲಾಗದೆ ನಾನು ತಲೆ ತಗ್ಗಿಸಿದೆ.

ನಾನು ಆ ಅಂಗಡಿ ಬಿಟ್ಟೆ. ಮದುವೆಯಾಯಿತು, ಮಗಳು ಹುಟ್ಟಿದಳು. ಭಾವನನ್ನು ಪೇಟೆಯಲ್ಲಿ ದೂರದಿಂದ ಕಂಡರೆ ಇನ್ನೊಂದು ಬದಿಗೆ ದಾಟಿ ಹೋಗುತ್ತಿದ್ದೆ. ಆದರೆ ಹೋದ ತಿಂಗಳು ಆ ಮೆಡಿಕಲ್‌ನಿಂದ ಬಂದ ಮೇಲೆ ಸುಮ್ಮನಿರಲಾಗಲಿಲ್ಲ. ಮುಂದಿನ ಭಾನುವಾರ ಬೆಳಿಗ್ಗೆ ಶಕ್ತಿನಗರಕ್ಕೆ ಹೋದೆ. ಭಾವ ಒಬ್ಬರೇ ಇದ್ದರು, ಕೂದಲು ಪೂರ್ತಿ ನೆರೆತಿತ್ತು. ಕೂರಿ ಎಂದರು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ಬಿಳಿ ಬಟ್ಟೆಯ ದಿನ, ಮುಲಾಮು, ಮೆಡಿಕಲ್‌ನವರ ಮಾತು, ಆಸ್ಪತ್ರೆಯಲ್ಲಿ ನಾನು ಹೇಳಿದ ಸುಳ್ಳು.

ಅವರು ಬೈಯುತ್ತಾರೆ ಎಂದು ಕಾದೆ. ಬೈಯಲಿ ಎಂದೇ ಹೋಗಿದ್ದೆ.

"ನನಗೂ ಗೊತ್ತಿತ್ತು," ಎಂದರು ಅವರು. "ಬಚ್ಚಲಿನಲ್ಲಿ ಬಟ್ಟೆ ನೆನೆಸಿಟ್ಟ ನೀರು ಕೆಂಪಗೆ ಇರ್ತಿತ್ತು. ಅವಳಿಗೆ ಮುಟ್ಟು ನಿಂತದ್ದೂ ಗೊತ್ತಿತ್ತು. ಹೇಗೆ ಕೇಳುವುದು ಅಂತ... ನಾಚಿಕೆ ಆಯ್ತು ನನಗೆ. ಆ ದಿನ ಆಸ್ಪತ್ರೆಯಲ್ಲಿ ನಿಮ್ಮ ಹತ್ತಿರ ಕೇಳಿದ್ದು, ನಿಮಗೂ ಗೊತ್ತಿರ್ಲಿಲ್ಲ ಅಂತ ಕೇಳಿ ಸಮಾಧಾನ ಮಾಡಿಕೊಳ್ಳಲಿಕ್ಕೆ."

ಹೊರಟಾಗ ಅವರು ಗೇಟಿನ ತನಕ ಬಂದರು.

"ಇನ್ನು ಬರ್ಬೇಡಿ ಆಯ್ತಾ," ಎಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ. "ನಿಮ್ಮನ್ನು ನೋಡಿದ್ರೆ ಇನ್ನು ನನಗೆ ಅದೇ ನೆನಪಾಗ್ತದೆ."

ಆಯ್ತು ಭಾವ ಎಂದೆ. ಅಕ್ಕನ ಬಗ್ಗೆ ಮಾತಾಡಲು ಈ ಊರಿನಲ್ಲಿ ನನಗೆ ಉಳಿದಿದ್ದುದು ಅವರೊಬ್ಬರೇ.